ಕನ್ಸೋಲ್ ಇನ್‌ಪುಟ್

ಕನ್ಸೋಲ್ ಇನ್‌ಪುಟ್ ಎಂದರೆ ಪ್ರೋಗ್ರಾಂ ಚಾಲನೆಯಲ್ಲಿರುವಾಗ ಬಳಕೆದಾರನು ಕೀಲಿಮಣೆಯ ಮೂಲಕ ಅದಕ್ಕೆ ಒದಗಿಸುವ ಪಠ್ಯರೂಪದ ಮಾಹಿತಿ. ಕೇವಲ ಅಕ್ಷರಗಳ ಮೂಲಕ ಗಣಕದೊಡನೆ ವ್ಯವಹರಿಸುವ ಪರದೆಗೆ ಕನ್ಸೋಲ್ ಅಥವಾ ಟರ್ಮಿನಲ್ ಎಂದು ಹೆಸರು. ಬಳಕೆದಾರನು ಏನನ್ನೇ ಟೈಪ್ ಮಾಡಿದರೂ ಪ್ರೋಗ್ರಾಮನ್ನು ತಲುಪುವುದು ಅಕ್ಷರಗಳ ಸಾಲು ಮಾತ್ರ. ಅದನ್ನು ಸಂಖ್ಯೆಯಾಗಿ ಪರಿವರ್ತಿಸುವ ಮತ್ತು ಪರೀಕ್ಷಿಸುವ ಹೊಣೆ ಪ್ರೋಗ್ರಾಂ ಬರೆಯುವವರದು.

ಕಾರ್ಯವಿಧಾನ

ಯುನಿಕ್ಸ್ ಮಾದರಿಯ ಕಾರ್ಯಾಚರಣಾ ವ್ಯವಸ್ಥೆಗಳಲ್ಲಿ ಪ್ರತಿಯೊಂದು ಪ್ರೋಗ್ರಾಮಿಗೂ ಮೂರು ಪ್ರವಾಹಗಳು ದೊರೆಯುತ್ತವೆ: ಸ್ಟ್ಯಾಂಡರ್ಡ್ ಇನ್‌ಪುಟ್, ಸ್ಟ್ಯಾಂಡರ್ಡ್ ಔಟ್‌ಪುಟ್ ಮತ್ತು ಸ್ಟ್ಯಾಂಡರ್ಡ್ ಎರರ್. ಮೊದಲನೆಯದು ಸಾಮಾನ್ಯವಾಗಿ ಕೀಲಿಮಣೆಗೂ ಉಳಿದೆರಡು ಪರದೆಗೂ ಜೋಡಣೆಯಾಗಿರುತ್ತವೆ. ಬಳಕೆದಾರನು ಎಂಟರ್ ಕೀಲಿಯನ್ನು ಒತ್ತುವವರೆಗೆ ಟರ್ಮಿನಲ್ ಆ ಸಾಲನ್ನು ತನ್ನಲ್ಲೇ ಇರಿಸಿಕೊಳ್ಳುತ್ತದೆ. ಆದ್ದರಿಂದಲೇ ತಪ್ಪಾಗಿ ಒತ್ತಿದ ಅಕ್ಷರವನ್ನು ಅಳಿಸಿ ತಿದ್ದಲು ಸಾಧ್ಯವಾಗುತ್ತದೆ. ಅಲ್ಲಿಯವರೆಗೆ ಪ್ರೋಗ್ರಾಂ ಕಾಯುತ್ತಿರುತ್ತದೆ. ಅದು ಕೆಟ್ಟು ನಿಂತಿದೆ ಎಂದು ಹೊಸಬರು ಭಾವಿಸುವುದುಂಟು. ಏನನ್ನು ಟೈಪ್ ಮಾಡಬೇಕೆಂದು ತಿಳಿಸುವ ಸೂಚನಾ ವಾಕ್ಯವನ್ನು ಮೊದಲು ಮುದ್ರಿಸುವ ಪದ್ಧತಿ ಈ ಕಾರಣದಿಂದ ರೂಢಿಯಲ್ಲಿದೆ.

ವಿವಿಧ ಭಾಷೆಗಳಲ್ಲಿ

ಬೇಸಿಕ್ ಭಾಷೆಯ 'ಇನ್‌ಪುಟ್' ಆದೇಶವು ಪರದೆಯ ಮೇಲೆ ಪ್ರಶ್ನಾರ್ಥಕ ಚಿಹ್ನೆಯನ್ನು ತೋರಿಸಿ ಉತ್ತರಕ್ಕಾಗಿ ಕಾಯುತ್ತದೆ. ಪ್ಯಾಸ್ಕಲ್‌ನಲ್ಲಿ 'ರೀಡ್‌ಎಲ್‌ಎನ್', ಸಿ ಭಾಷೆಯಲ್ಲಿ 'ಸ್ಕ್ಯಾನ್‌ಎಫ್' ಮತ್ತು 'ಎಫ್‌ಗೆಟ್ಸ್', ಜಾವಾದಲ್ಲಿ 2004ರ ಐದನೆಯ ಆವೃತ್ತಿಯಿಂದ 'ಸ್ಕ್ಯಾನರ್' ಎಂಬ ವರ್ಗ ಬಳಕೆಯಲ್ಲಿವೆ. ಪೈಥಾನ್‌ನಲ್ಲಿ 'ಇನ್‌ಪುಟ್' ಎಂಬ ಫಂಕ್ಷನ್ ಇದೆ. ಪೈಥಾನ್ 2ರಲ್ಲಿ ಇದೇ ಹೆಸರಿನ ಫಂಕ್ಷನ್, ಟೈಪ್ ಮಾಡಿದ್ದನ್ನು ಪೈಥಾನ್ ಆದೇಶವೆಂದೇ ಭಾವಿಸಿ ಕಾರ್ಯಗತಗೊಳಿಸುತ್ತಿತ್ತು. 2008ರಲ್ಲಿ ಬಂದ ಪೈಥಾನ್ 3ರಲ್ಲಿ ಈ ಅಪಾಯವನ್ನು ನಿವಾರಿಸಲಾಯಿತು. ಅದು ಈಗ ಪಠ್ಯವನ್ನಷ್ಟೇ ಹಿಂದಿರುಗಿಸುತ್ತದೆ.

ಆರಂಭಿಕರ ಸಾಮಾನ್ಯ ತಪ್ಪುಗಳು

ಪೈಥಾನ್‌ನಲ್ಲಿ ಎರಡು ಸಂಖ್ಯೆಗಳನ್ನು ಕೇಳಿ ಕೂಡಿಸುವ ಪ್ರೋಗ್ರಾಮಿಗೆ 2 ಮತ್ತು 3 ಎಂದು ಉತ್ತರಿಸಿದಾಗ 5ರ ಬದಲು 23 ಎಂಬ ಫಲಿತಾಂಶ ಬರಬಹುದು. ಎರಡೂ ಪಠ್ಯಗಳಾಗಿರುವುದರಿಂದ ಕೂಡಿಸುವ ಚಿಹ್ನೆ ಅವುಗಳನ್ನು ಒಂದರ ಪಕ್ಕ ಒಂದನ್ನು ಜೋಡಿಸುತ್ತದೆ. 'ಇಂಟ್' ಫಂಕ್ಷನ್ನಿನಿಂದ ಮೊದಲು ಪೂರ್ಣಾಂಕಕ್ಕೆ ಪರಿವರ್ತಿಸುವುದೇ ಇದಕ್ಕೆ ಪರಿಹಾರ. ಬಳಕೆದಾರನು 'ಹತ್ತು' ಎಂದು ಅಕ್ಷರದಲ್ಲಿ ಬರೆದರೆ ಈ ಪರಿವರ್ತನೆ ವಿಫಲವಾಗಿ ಪ್ರೋಗ್ರಾಂ ನಿಂತುಹೋಗುತ್ತದೆ. ಆದ್ದರಿಂದ ದೋಷವನ್ನು ಗುರುತಿಸಿ, ಸರಿಯಾದ ಉತ್ತರ ದೊರೆಯುವವರೆಗೆ ಮತ್ತೆ ಕೇಳುವಂತೆ ಆವರ್ತವನ್ನು ಬರೆಯಬೇಕು.

ಸಿ ಭಾಷೆಯ 'ಸ್ಕ್ಯಾನ್‌ಎಫ್' ಸಂಖ್ಯೆಯನ್ನು ಓದಿದ ನಂತರ ಎಂಟರ್ ಕೀಲಿಯಿಂದ ಉಂಟಾದ ಹೊಸಸಾಲಿನ ಚಿಹ್ನೆ ಪ್ರವಾಹದಲ್ಲೇ ಉಳಿಯುತ್ತದೆ. ಮುಂದೆ ಒಂದು ಅಕ್ಷರವನ್ನು ಓದಲು ಹೊರಟರೆ ಆ ಚಿಹ್ನೆಯೇ ಸಿಗುತ್ತದೆ. ಜಾವಾದ ಸ್ಕ್ಯಾನರ್‌ನಲ್ಲಿ ಸಂಖ್ಯೆಯ ಬೆನ್ನಲ್ಲೇ ಸಾಲನ್ನು ಓದಿದಾಗ ಖಾಲಿ ಸಾಲು ಬರುವುದಕ್ಕೂ ಇದೇ ಕಾರಣ.

ಸುರಕ್ಷತೆ

ಸಿ ಭಾಷೆಯ 'ಗೆಟ್ಸ್' ಫಂಕ್ಷನ್ನಿಗೆ ಎಷ್ಟು ಅಕ್ಷರಗಳನ್ನು ಓದಬೇಕೆಂಬ ಮಿತಿಯನ್ನು ಹೇಳಲು ಅವಕಾಶವೇ ಇರಲಿಲ್ಲ. ಮೀಸಲಿಟ್ಟ ಜಾಗಕ್ಕಿಂತ ದೀರ್ಘವಾದ ಸಾಲು ಬಂದರೆ ಅದು ಪಕ್ಕದ ಸ್ಮೃತಿಯ ಮೇಲೆ ಹರಿಯುತ್ತಿತ್ತು. ಸ್ಟ್ಯಾಂಡರ್ಡ್ ಇನ್‌ಪುಟ್ಟನ್ನು ಕೀಲಿಮಣೆಯ ಬದಲು ಜಾಲಸಂಪರ್ಕಕ್ಕೂ ಜೋಡಿಸಬಹುದಾದ್ದರಿಂದ ಈ ದೋಷ ದೂರದವರಿಗೂ ತೆರೆದಿತ್ತು. 1988ರ ನವೆಂಬರ್‌ನಲ್ಲಿ ಅಂತರಜಾಲದಲ್ಲಿ ಹರಡಿದ ಮಾರಿಸ್ ವರ್ಮ್, 'ಫಿಂಗರ್' ಸೇವೆಯಲ್ಲಿದ್ದ ಇದೇ ದೋಷವನ್ನು ತನ್ನ ಹಲವು ಮಾರ್ಗಗಳಲ್ಲಿ ಒಂದಾಗಿ ಬಳಸಿಕೊಂಡಿತು. 2011ರ ಸಿ ಮಾನಕದಿಂದ 'ಗೆಟ್ಸ್' ಅನ್ನು ತೆಗೆದುಹಾಕಲಾಗಿದೆ. ಗರಿಷ್ಠ ಅಳತೆಯನ್ನು ಸೂಚಿಸಬಹುದಾದ 'ಎಫ್‌ಗೆಟ್ಸ್' ಅದರ ಬದಲಿಗೆ ಬಳಕೆಯಲ್ಲಿದೆ.

ಕನ್ನಡ ಲಿಪಿಯ ಇನ್‌ಪುಟ್

ಯುನಿಕೋಡ್ ಬೆಂಬಲವಿರುವ ಕನ್ಸೋಲ್‌ಗಳು ಕನ್ನಡ ಪಠ್ಯವನ್ನೂ ಸ್ವೀಕರಿಸುತ್ತವೆ. ಆದರೆ ಗಣಕದ ಎಣಿಕೆ ಓದುಗರ ಅಕ್ಷರಗಣನೆಗಿಂತ ಭಿನ್ನ. 'ಕನ್ನಡ' ಎಂಬ ಪದ ನಮಗೆ ಮೂರು ಅಕ್ಷರ. ಒತ್ತಕ್ಷರವು ನ, ವಿರಾಮ ಚಿಹ್ನೆ, ನ ಎಂದು ಬಿಡಿಬಿಡಿಯಾಗಿ ದಾಖಲಾಗುವುದರಿಂದ ಪೈಥಾನ್ 3 ಅದರ ಉದ್ದವನ್ನು ಐದು ಎನ್ನುತ್ತದೆ. ಯುಟಿಎಫ್-8 ಸಂಕೇತೀಕರಣದಲ್ಲಿ ಅದು 15 ಬೈಟ್‌ಗಳನ್ನು ಆಕ್ರಮಿಸುತ್ತದೆ. ಸಿ ಭಾಷೆಯಲ್ಲಿ ಹೆಸರಿಗಾಗಿ ಜಾಗ ಮೀಸಲಿಡುವಾಗ ಇದನ್ನು ಗಮನಿಸಬೇಕು. ಪೈಥಾನ್ 3ರ 'ಇಂಟ್' ಫಂಕ್ಷನ್ '೨೫' ಎಂಬ ಕನ್ನಡ ಅಂಕಿಗಳನ್ನೂ 25 ಎಂದೇ ಸ್ವೀಕರಿಸುತ್ತದೆ.