ಅಷ್ಟಗ್ರಹ ಕೂಡಿದ ವರ್ಷ

ನಮ್ಮ ತಿರುಮಣಿ ಕಡೆಯವರಿಗೆ ಗ್ರಹಗಳ ಮಾತು ಹೊಸದಲ್ಲ. ಪಾವಗಡದ ಶನಿಮಹಾತ್ಮನ ಗುಡಿ ನಮ್ಮ ತಾಲ್ಲೂಕಿನದೇ. ಮಳೆ ತಪ್ಪಿದರೂ, ಮಗಳ ಮದುವೆ ಮುಂದೆ ಹೋದರೂ ಶನಿಯ ಕಡೆಗೊಮ್ಮೆ ಬೆರಳು ತೋರಿಸುವುದು ರೂಢಿ. ಆದರೆ ಭೂಮಿ ನಡುಗುವುದಕ್ಕೂ ಗ್ರಹಗಳನ್ನೇ ಹೊಣೆ ಮಾಡಿದ್ದನ್ನು ನಾನು ಮೊದಲು ಕೇಳಿದ್ದು ಅಮ್ಮನ ಬಾಯಲ್ಲಿ.

1962ರ ಫೆಬ್ರವರಿ ಮೊದಲ ವಾರ ಮಕರ ರಾಶಿಯಲ್ಲಿ ಎಂಟು ಗ್ರಹಗಳು ಕೂಡಿದವು. ಜೊತೆಗೆ ಅಮಾವಾಸ್ಯೆಯ ಸೂರ್ಯಗ್ರಹಣ ಬೇರೆ. ಭೂಕಂಪ ಖಂಡಿತ, ಪ್ರಳಯವೇ ಆದೀತು ಎಂದು ದೇಶಕ್ಕೆ ದೇಶವೇ ಹೆದರಿ ಹೋಮ, ಭಜನೆಗಳಿಗೆ ಕುಳಿತಿತು. ಗ್ರಹಣವೇನೋ ಆಯಿತು, ದೂರದ ಪೆಸಿಫಿಕ್ ಸಾಗರದ ಮೇಲೆ. ನಮ್ಮಲ್ಲಿ ಅದೇ ತಿಂಗಳು ನಡೆದದ್ದು ಲೋಕಸಭೆಯ ಚುನಾವಣೆ! ಮುಳುಗುವ ಲೋಕಕ್ಕೆ ಏನು ಉಳಿಸುವುದು ಎಂದು ಕೆಲವರು ಇದ್ದಬದ್ದ ಬೆಲ್ಲ, ಬೇಳೆಗೆಲ್ಲ ಹೋಳಿಗೆ ಮಾಡಿ ತಿಂದು, ಮರುವಾರ ಕೈಗಡಕ್ಕೆ ಅಲೆದರಂತೆ.

ಈ ನಂಬಿಕೆಯ ಬೇರು ಹಳೆಯದು. ಆರನೆಯ ಶತಮಾನದ ವರಾಹಮಿಹಿರನ ‘ಬೃಹತ್ಸಂಹಿತೆ’ಯಲ್ಲಿ ಭೂಕಂಪಕ್ಕೇ ಒಂದು ಅಧ್ಯಾಯವಿದೆ. ಕಡಲಿನ ದೊಡ್ಡ ಪ್ರಾಣಿಗಳ ಅಲುಗಾಟವೆನ್ನುವವರು, ಭೂಮಿ ಹೊತ್ತ ದಿಗ್ಗಜಗಳ ನಿಟ್ಟುಸಿರೆನ್ನುವವರು, ಗಾಳಿಗಳ ಗುದ್ದಾಟವೆನ್ನುವವರು, ಎಲ್ಲರ ಮತವನ್ನೂ ಆತ ಹೇಳುತ್ತಾನೆ. ನಕ್ಷತ್ರಗಳನ್ನು ವಾಯು, ಅಗ್ನಿ, ಇಂದ್ರ, ವರುಣ ಎಂದು ನಾಲ್ಕು ಮಂಡಲಗಳಿಗೆ ಹಂಚಿ ಫಲ ಬರೆಯುತ್ತಾನೆ. ಸೋಜಿಗವೆಂದರೆ, ಚಂದ್ರ ಭೂಮಿಯ ನೆರಳನ್ನು ಹೊಕ್ಕಾಗ ಚಂದ್ರಗ್ರಹಣ, ರಾಹು ನುಂಗುವುದಲ್ಲ ಎಂದವನೂ ಅವನೇ. ನಮ್ಮ ಹಿರಿಯರು ಅವನ ಫಲಗಳನ್ನು ಇಟ್ಟುಕೊಂಡು ನೆರಳನ್ನು ಬಿಟ್ಟರು.

ನಮಗೆ ಹತ್ತಿರದ ಭೂಕಂಪಗಳನ್ನೇ ಪಂಚಾಂಗದ ಪಕ್ಕ ಇಟ್ಟು ನೋಡಿ. ಕೊಯ್ನಾ ನಡುಗಿದ್ದು 1967ರ ಡಿಸೆಂಬರ್ 11ರಂದು. ಹುಣ್ಣಿಮೆಗೆ ಇನ್ನೂ ಐದಾರು ದಿನವಿತ್ತು. ಕಿಲ್ಲಾರಿಯದು 1993ರ ಸೆಪ್ಟೆಂಬರ್ 30, ಹುಣ್ಣಿಮೆ ನಿಜ, ಆದರೆ ಗ್ರಹಣವಿಲ್ಲ. ಆ ವರ್ಷದ ಗ್ರಹಣಗಳು ಮೇ, ಜೂನ್ ಮತ್ತು ನವೆಂಬರಿನಲ್ಲಿದ್ದವು. ಸೂರ್ಯ ಚಂದ್ರರ ಸೆಳೆತ ಕಡಲನ್ನಷ್ಟೇ ಅಲ್ಲ, ಗಟ್ಟಿ ನೆಲವನ್ನೂ ತುಸು ಎಳೆಯುತ್ತದೆ; ದೊಡ್ಡ ಕಂಪನಗಳಿಗೆ ಇದರ ನಂಟು ಕೊಂಚ ಇರಬಹುದೆಂದು ಜಪಾನಿನ ವಿಜ್ಞಾನಿಗಳು 2016ರಲ್ಲಿ ಬರೆದರು. ಅಮಾವಾಸ್ಯೆ ಹುಣ್ಣಿಮೆ ತಿಂಗಳಿಗೊಮ್ಮೆ ಬರುತ್ತವಲ್ಲ, ಎಷ್ಟು ಸಲ ಊರು ಬಿಟ್ಟು ಓಡೋಣ?

ಹೆದರಿಕೆಯ ತೆರಿಗೆ ಕಟ್ಟಿದವರು ಮಾತ್ರ ಹೆಂಗಸರು. 1980ರ ಫೆಬ್ರವರಿ 16ರಂದು ಹುಬ್ಬಳ್ಳಿ, ರಾಯಚೂರುಗಳ ಮೇಲೆ ಪೂರ್ಣಗ್ರಹಣ ಹಾದುಹೋಯಿತು. ನಮ್ಮಲ್ಲಿ ಸೂರ್ಯ ಪೂರ್ತಿ ಮುಚ್ಚಲಿಲ್ಲ. ಆದರೂ ಬಸುರಿ ಅತ್ತಿಗೆಯನ್ನು ಕತ್ತಲ ಕೋಣೆಯಲ್ಲಿ ಕೂಡಿ, ಗುಟುಕು ನೀರೂ ಕೊಡಲಿಲ್ಲ. ನೆಲ ನಡುಗಿದರೆ ಓಡಲು ಬಾಗಿಲಾದರೂ ತೆಗೆದಿಡಬೇಕಿತ್ತಲ್ಲವೆ?

ಕಿಲ್ಲಾರಿಯಲ್ಲಿ ಜೀವ ತೆಗೆದದ್ದು ಮನೆಗಳು. ಗಣಪತಿಯನ್ನು ಬಿಟ್ಟು ಬಂದು ಮಲಗಿದ್ದವರ ಮೇಲೆ ನಸುಕಿನ ನಾಲ್ಕರ ಹೊತ್ತಿಗೆ ಕಲ್ಲುಗೋಡೆ, ದಪ್ಪ ಮಣ್ಣಿನ ಮಾಳಿಗೆ ಕುಸಿದವು. ಸತ್ತವರು ಸುಮಾರು 10 ಸಾವಿರ. ನಮ್ಮದೂ ಅಂಥದೇ ಮಾಳಿಗೆ ಮನೆ; ಸೋರದಿರಲೆಂದು ಪ್ರತಿ ಮಳೆಗಾಲಕ್ಕೆ ಮುಂಚೆ ಹೊಸ ಮಣ್ಣು ಹೊರಿಸುತ್ತಿದ್ದರು, ಹಳೆಯದನ್ನು ತೆಗೆಯುತ್ತಿರಲಿಲ್ಲ. ಪತ್ರಿಕೆಯಲ್ಲಿ ಆ ಚಿತ್ರಗಳನ್ನು ನೋಡಿದ ಅಣ್ಣ, ಶನಿವಾರ ಬೇಡವೆಂದು ಅಮ್ಮ ಎಷ್ಟು ಹೇಳಿದರೂ ಕೇಳದೆ, ಅಂದೇ ಆಳುಗಳನ್ನು ಕರೆಸಿ ಮೊಳದುದ್ದ ಮಣ್ಣು ಇಳಿಸಿಹಾಕಿದ.