ಅಂಗಸ್ಥಿತಿಯ ಅರಿವು ಮತ್ತು ಚಲನ ನರಕೋಶ: ಹೆಬ್ಬಾಳದಾಚೆಯ ಒಂದು ಶೋಧಚರಿತ್ರೆ

ಕಣ್ಣು ಮುಚ್ಚಿದ್ದರೂ ಕೈ ಎಲ್ಲಿದೆ, ಮೊಣಕಾಲು ಎಷ್ಟು ಮಡಚಿದೆ ಎಂದು ತಿಳಿಯುವುದು ಅಂಗಸ್ಥಿತಿಯ ಅರಿವಿನಿಂದ. ಸ್ನಾಯುಗಳೊಳಗೆ ಹುದುಗಿರುವ ಸ್ಪಿಂಡಲ್‌ಗಳು ಸ್ನಾಯು ಎಷ್ಟು ಹಿಗ್ಗಿದೆಯೆಂದು ಅಳೆದು ಬೆನ್ನುಹುರಿಗೆ ಸುದ್ದಿ ಮುಟ್ಟಿಸುತ್ತವೆ. ಆ ಸುದ್ದಿ ತರುವ ತಂತುಗಳಲ್ಲಿ ಕೆಲವು ನೇರವಾಗಿ ಚಲನ ನರಕೋಶಕ್ಕೇ, ಅಂದರೆ ಮೋಟಾರ್ ನ್ಯೂರಾನ್‌ಗೇ, ಕೂಡಿಕೊಂಡಿವೆ. ಮಂಡಿಯ ಕೆಳಗೆ ವೈದ್ಯರು ಪುಟ್ಟ ಸುತ್ತಿಗೆಯಿಂದ ತಟ್ಟಿದಾಗ ಕಾಲು ಚಿಮ್ಮುವುದು ಈ ದಾರಿಯಲ್ಲೇ.

ಫ್ರಾನ್ಸಿನ ಶಾರ್ಕೋ 1869ರಿಂದ 1874ರ ನಡುವೆ ಎಎಲ್‌ಎಸ್ ಎಂಬ ನರಕಾಯಿಲೆಯನ್ನು ವಿವರಿಸಿದ. ರೋಗಿಯ ಕೈಕಾಲು ಸೊರಗಿದರೂ ಸ್ಪರ್ಶಜ್ಞಾನ ಬಹುಮಟ್ಟಿಗೆ ಉಳಿದಿರುತ್ತದೆ. ಹೀಗಾಗಿ ಇದು ಚಲನ ನರಕೋಶದ್ದೇ ರೋಗ ಎಂಬ ತಿಳಿವಳಿಕೆ ಬಲವಾಯಿತು. ಅಂಗಸ್ಥಿತಿಯ ಅರಿವಿಗೆ ಪ್ರೊಪ್ರಿಯೊಸೆಪ್ಷನ್ ಎಂಬ ಹೆಸರು ಇಂಗ್ಲೆಂಡಿನ ಶೆರಿಂಗ್ಟನ್‌ನಿಂದ ಬಂದದ್ದು 20ನೇ ಶತಮಾನದ ಮೊದಲ ದಶಕದಲ್ಲಿ. ಈ ಎರಡು ವಿಷಯಗಳ ಅಧ್ಯಯನ ಬಹುಕಾಲ ಬೇರೆಬೇರೆಯಾಗಿಯೇ ನಡೆಯಿತು.

ಬೆಂಗಳೂರಿನಲ್ಲಿ ಇಂಥ ರೋಗಿಗಳ ಅಧ್ಯಯನ ನಡೆದದ್ದು ನಗರದ ದಕ್ಷಿಣ ಭಾಗದ ಹೊಸೂರು ರಸ್ತೆಯಲ್ಲಿ. 1974ರಲ್ಲಿ ರೂಪುಗೊಂಡ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ ನಿಮ್ಹಾನ್ಸ್‌ನಲ್ಲಿ ಡಾ. ಎಂ. ಗೌರಿದೇವಿ ಮತ್ತು ಸಹೋದ್ಯೋಗಿಗಳು ಒಂದೇ ಕೈ ಅಥವಾ ಒಂದೇ ಕಾಲು ಸೊರಗುವ ಬಗೆಯ ಕಾಯಿಲೆಯನ್ನು 1984ರಲ್ಲಿ ವಿವರಿಸಿದರು. ಮೂವತ್ತು ವರ್ಷಗಳಲ್ಲಿ ಅಲ್ಲಿಗೆ ಬಂದ 1,153 ಎಎಲ್‌ಎಸ್ ರೋಗಿಗಳ ವಿವರವನ್ನು ಡಾ. ಎ. ನಳಿನಿ ಮತ್ತು ತಂಡ 2008ರಲ್ಲಿ ಪ್ರಕಟಿಸಿತು.

ಅರಿವಿನಿಂದ ಚಲನೆಗೆ ಹೋಗುವ ನರಜಾಲದ ಶೋಧಕ್ಕೆ ನೆಲೆಯಾದದ್ದು ನಗರದ ಉತ್ತರ ಭಾಗ. 1899ರಲ್ಲಿ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಹೆಬ್ಬಾಳದಲ್ಲಿ ಬೇಸಾಯದ ಪ್ರಯೋಗಕ್ಕೆಂದು 30 ಎಕರೆ ಕೊಟ್ಟರು. 1964ರಲ್ಲಿ ಕೃಷಿ ವಿಶ್ವವಿದ್ಯಾಲಯ ಬಂತು. ಬಳ್ಳಾರಿ ರಸ್ತೆಯಲ್ಲಿ ಯಲಹಂಕದ ಕಡೆಗೆ ಅದರ ಜಿಕೆವಿಕೆ ಆವರಣ ಬೆಳೆಯಿತು. ಒಬೈದ್ ಸಿದ್ದೀಕಿ ಕಟ್ಟಿದ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ, ಎನ್‌ಸಿಬಿಎಸ್, 1990ರ ದಶಕದಲ್ಲಿ ಈ ಆವರಣಕ್ಕೆ ಬಂತು. ಬಿಸಿ ಏರಿದೊಡನೆ ಪಾರ್ಶ್ವವಾಯು ಬಡಿದಂತೆ ಬೀಳುವ ಹಣ್ಣುನೊಣಗಳ ನರದೋಷವನ್ನು ಸಿದ್ದೀಕಿ ಅವರು ಸೀಮೊರ್ ಬೆಂಜರ್ ಜೊತೆಗೂಡಿ 1976ರಲ್ಲೇ ವರದಿ ಮಾಡಿದ್ದರು.

ಇದೇ ಕೇಂದ್ರದಲ್ಲಿ ಸಂಜಯ್ ಸಾಣೆ ಅವರ ತಂಡ ಕಣಗಿಲೆ ಪತಂಗವನ್ನು ಆರಿಸಿಕೊಂಡಿತು. ಇದರ ಹುಳು ಕಣಗಿಲೆ, ನಂದಿಬಟ್ಟಲಿನ ಎಲೆ ತಿಂದು ಬೆಳೆಯುತ್ತದೆ. ಹಾರುವ ಮುನ್ನ ಪತಂಗ ತನ್ನ ಎರಡೂ ಮೀಸೆಗಳನ್ನು ಮುಂದಕ್ಕೆ ಚಾಚಿ ಸ್ಥಿರವಾಗಿ ಹಿಡಿಯುತ್ತದೆ. ಮೀಸೆಯ ಬುಡದಲ್ಲಿರುವ ಸಣ್ಣ ಬಿರುಗೂದಲುಗಳನ್ನು ತೆಗೆದರೆ ಆ ಹಿಡಿತ ತಪ್ಪುತ್ತದೆ. ಕೂದಲಿನಿಂದ ಸುದ್ದಿ ತರುವ ನರಗಳ ಕವಲುಗಳೂ ಮೀಸೆಯನ್ನು ಆಡಿಸುವ ಚಲನ ನರಕೋಶದ ಕವಲುಗಳೂ ಒಂದೇ ಜಾಗದಲ್ಲಿ ಹೆಣೆದುಕೊಂಡಿವೆ ಎಂದು 2012ರ ಪ್ರಬಂಧ ತೋರಿಸಿತು. 2018ರಲ್ಲಿ ಕೆ. ವಿಜಯರಾಘವನ್ ಅವರ ತಂಡ ಹಣ್ಣುನೊಣದ ಕಾಲಿನ ಚಲನ ನರಕೋಶಗಳನ್ನು ಪರೀಕ್ಷಿಸಿತು. ಅವುಗಳನ್ನು ತಡೆದು ನಿಲ್ಲಿಸುವ ಸಂಕೇತ ಕುಗ್ಗಿದರೆ ನೊಣದ ನಡಿಗೆ ಕೆಡುತ್ತದೆಂದು ಕಂಡುಬಂತು. ಎರಡೂ ಆರೋಗ್ಯವಂತ ನರಜಾಲದ ಅಧ್ಯಯನಗಳು. ಚಲನ ನರಕೋಶದ ನಡವಳಿಕೆ ಅದಕ್ಕೆ ಬರುವ ಸುದ್ದಿಯನ್ನು ಅವಲಂಬಿಸಿದೆ ಎಂಬುದನ್ನು ಅವು ಸ್ಪಷ್ಟಪಡಿಸಿದವು.

ರೋಗದ ಕಡೆಯ ಸಾಕ್ಷ್ಯ ಬಂದದ್ದು ಹೊರದೇಶಗಳಿಂದ. ಮಕ್ಕಳನ್ನು ಕಾಡುವ ಸ್ಪೈನಲ್ ಮಸ್ಕ್ಯುಲರ್ ಅಟ್ರೊಫಿ ಎಂಬ ಚಲನ ನರಕೋಶದ ಕಾಯಿಲೆಯಲ್ಲಿ ಎಸ್‌ಎಂಎನ್ ಎಂಬ ಪ್ರೊಟೀನ್ ಸಾಕಾಗುವುದಿಲ್ಲ. ಈ ಕೊರತೆಯಿರುವ ಹಣ್ಣುನೊಣದಲ್ಲಿ ಚಲನ ನರಕೋಶಕ್ಕೆ ಮಾತ್ರ ಪ್ರೊಟೀನ್ ಮರಳಿಸಿದರೆ ಫಲವಿರಲಿಲ್ಲ. ಅಂಗಸ್ಥಿತಿ ತಿಳಿಸುವ ನರಗಳಿಗೂ ನಡುವಿನ ನರಗಳಿಗೂ ಮರಳಿಸಿದಾಗ ಚಲನೆ ಸುಧಾರಿಸಿತೆಂದು 2012ರಲ್ಲಿ ತಿಳಿದುಬಂತು. ಸ್ಪಿಂಡಲ್‌ನ ಸುದ್ದಿ ಕ್ಷೀಣಿಸಿದರೆ ಚಲನ ನರಕೋಶ ಸಂಕೇತ ಹೊಮ್ಮಿಸುವ ಶಕ್ತಿಯೇ ಕುಂದುತ್ತದೆಂದು 2017ರಲ್ಲಿ ಇಲಿಗಳ ಮೇಲಿನ ಪ್ರಯೋಗ ತೋರಿಸಿತು.

ಎಎಲ್‌ಎಸ್‌ನಲ್ಲಿ ಪರಿಸ್ಥಿತಿ ತಿರುಗುಮುರುಗು. ಸ್ಪಿಂಡಲ್‌ನ ನೇರ ಸುದ್ದಿ ಪಡೆಯದ ಗಾಮಾ ಚಲನ ನರಕೋಶಗಳು ಈ ರೋಗದಲ್ಲಿ ಬದುಕುಳಿಯುತ್ತವೆ. ಆ ಸುದ್ದಿ ಪಡೆಯುವ ಆಲ್ಫಾ ಚಲನ ನರಕೋಶಗಳು ಸಾಯುತ್ತವೆ. ರೋಗದ ಜೀನ್ ಹೊತ್ತ ಇಲಿಗಳಲ್ಲಿ ಆ ಸುದ್ದಿಯನ್ನು ತಗ್ಗಿಸಿದಾಗ ಆಲ್ಫಾ ಕೋಶಗಳ ಸಾವು ಕಡಿಮೆಯಾಯಿತೆಂದು 2016ರ ಅಧ್ಯಯನ ಹೇಳಿತು. ಒಂದು ಕಾಯಿಲೆಯಲ್ಲಿ ಸುದ್ದಿಯ ಕೊರತೆ, ಇನ್ನೊಂದರಲ್ಲಿ ಅದರ ಹೊರೆ ಹಾನಿಕರ. ಆದ್ದರಿಂದ ಚಿಕಿತ್ಸೆಯ ಗುರಿಯೂ ಎರಡಕ್ಕೂ ಒಂದೇ ಆಗಲಾರದು. ಈ ಫಲಿತಾಂಶಗಳೆಲ್ಲ ಪ್ರಾಣಿಗಳಿಂದ ಬಂದವು; ಮನುಷ್ಯರಲ್ಲಿ ಅಂಗಸ್ಥಿತಿಯ ಅರಿವಿನ ದೋಷವೇ ರೋಗದ ಮೂಲವೆಂದು ಅವು ಸಾಬೀತುಪಡಿಸುವುದಿಲ್ಲ.