ಭೂತದ ಕಥೆಯಲ್ಲಿ ಗೆಳೆಯನ ಪಾತ್ರ

ಭೂತವೂ ಕೊಲೆಯೂ ಒಟ್ಟಿಗೆ ಬರುವ ಧಾರಾವಾಹಿಗಳನ್ನು ನೀವು ನೋಡಿಯೇ ಇರುತ್ತೀರಿ. ವರ್ಷಗಳು ಕಳೆದ ಮೇಲೆ ಅವುಗಳಲ್ಲಿ ನಮ್ಮ ನೆನಪಿನಲ್ಲಿ ಉಳಿಯುವುದು ಏನು? ಭೂತದ ಮುಖ ಬೇಗ ಮರೆತುಹೋಗುತ್ತದೆ. ಹೆದರಿದವನ ಪಕ್ಕದಲ್ಲಿ ಯಾರು ನಿಂತರು, ಯಾರು ಕೈಬಿಟ್ಟರು ಎಂಬುದು ಮಾತ್ರ ಉಳಿಯುತ್ತದೆ. ಹರಿಹರದಲ್ಲಿ ಹುಡುಗನಾಗಿದ್ದಾಗ ನನಗೆ ಈ ಮಾತು ತಿಳಿಯಿತು. ಅದನ್ನು ಹೇಳುವ ಮುನ್ನ ಇಂಥ ಕಥೆಗಳ ಚರಿತ್ರೆಯನ್ನು ಸ್ವಲ್ಪ ನೋಡೋಣ.

ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದ ಸೋಮದೇವ ರಚಿಸಿದ ‘ಕಥಾಸರಿತ್ಸಾಗರ’ದಲ್ಲಿ ಬೇತಾಳನ ಕಥೆಗಳಿವೆ. ಶವದೊಳಗೆ ಸೇರಿದ ಬೇತಾಳ ರಾಜನ ಹೆಗಲೇರಿ ಕಥೆ ಹೇಳುತ್ತದೆ, ಕೊನೆಗೆ ತೀರ್ಪು ಕೇಳುತ್ತದೆ. ಮೊದಲ ಕಥೆಯೇ ಗೆಳೆತನದ್ದು. ರಾಜಕುಮಾರ ವಜ್ರಮುಕುಟನಿಗೆ ಪದ್ಮಾವತಿ ಎಂಬ ಕನ್ಯೆಯ ಮೇಲೆ ಮನಸ್ಸಾಗುತ್ತದೆ. ಆಕೆ ತೋರಿದ ಸನ್ನೆಗಳ ಅರ್ಥ ಹೊಳೆಯುವುದು ಅವನ ಗೆಳೆಯ, ಮಂತ್ರಿಯ ಮಗ ಬುದ್ಧಿಶರೀರನಿಗೆ. ಆ ಗೆಳೆಯನನ್ನು ಸಹಿಸದ ಪದ್ಮಾವತಿ ಅವನಿಗೆ ವಿಷ ಬೆರೆಸಿದ ತಿನಿಸು ಕಳಿಸುತ್ತಾಳೆ. ಅದನ್ನು ತಿಂದ ನಾಯಿ ಸಾಯುತ್ತದೆ. ಆಗ ಬುದ್ಧಿಶರೀರ ಸನ್ಯಾಸಿಯ ವೇಷ ಹಾಕಿ, ಆಕೆ ಸ್ಮಶಾನದಲ್ಲಿ ಅಲೆಯುವ ಮಾಟಗಾತಿಯೆಂದು ಆ ಊರಿನ ಅರಸನನ್ನು ನಂಬಿಸುತ್ತಾನೆ. ಅರಸ ಆಕೆಯನ್ನು ಊರಾಚೆ ಅಟ್ಟುತ್ತಾನೆ. ಗೆಳೆಯರು ಆಕೆಯನ್ನು ತಮ್ಮೂರಿಗೆ ಕರೆದೊಯ್ಯುತ್ತಾರೆ. ಇತ್ತ ಹೆತ್ತವರು ಮಗಳು ಸತ್ತಳೆಂದು ಕೊರಗಿ ಪ್ರಾಣ ಬಿಡುತ್ತಾರೆ. ಈ ಸಾವಿನ ಪಾಪ ಯಾರಿಗೆ? ಬೇತಾಳನ ಈ ಪ್ರಶ್ನೆಗೆ ರಾಜ ಕೊಡುವ ಉತ್ತರ ಸ್ಪಷ್ಟವಾಗಿದೆ: ವಿಚಾರಿಸದೆ ಮಾತು ನಂಬಿದ ಅರಸನಿಗೆ.

ನಮ್ಮ ಹರಿಹರದ ಸ್ಥಳಪುರಾಣವೂ ಒಂದು ಅಪರಾಧದ ಕಥೆಯೇ. ಗುಹಾಸುರ ಹರಿಯಿಂದಲೂ ಹರನಿಂದಲೂ ತನಗೆ ಸಾವು ಬರಬಾರದೆಂದು ವರ ಪಡೆದು ಲೋಕವನ್ನು ಪೀಡಿಸಿದನಂತೆ. ಒಬ್ಬೊಬ್ಬರಿಂದ ಆಗದ ಕೆಲಸಕ್ಕೆ ಇಬ್ಬರೂ ಒಂದೇ ದೇಹವಾಗಿ ಬಂದರು. ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಾಲಯದ ಮೂರ್ತಿ ಇದನ್ನೇ ಹೇಳುತ್ತದೆ. ಬೇರೆ ಬೇರೆ ಸ್ವಭಾವದ ಇಬ್ಬರು ಜೊತೆಯಾದಾಗಲೇ ದುಷ್ಟನಿಗೆ ಸೋಲು ಎಂಬ ಕಲ್ಪನೆ ಎಷ್ಟು ಹಳೆಯದು ನೋಡಿ! ಅಮೆರಿಕದಲ್ಲಿ 1993ರಲ್ಲಿ ಆರಂಭವಾದ ‘ದಿ ಎಕ್ಸ್-ಫೈಲ್ಸ್’ ಧಾರಾವಾಹಿಯಲ್ಲೂ ಇಂಥದೇ ಜೋಡಿ ಇದೆ. ಮಲ್ಡರ್ ಅಲೌಕಿಕವನ್ನು ನಂಬುವವನು, ವೈದ್ಯೆಯಾದ ಸ್ಕಲಿ ಪುರಾವೆ ಕೇಳುವವಳು. ವೀಕ್ಷಕರನ್ನು ವರ್ಷಗಟ್ಟಲೆ ಹಿಡಿದಿಟ್ಟದ್ದರಲ್ಲಿ ಅವರಿಬ್ಬರ ಸ್ನೇಹದ ಪಾಲು ದೊಡ್ಡದು.

ದೂರದರ್ಶನ ಬರುವ ಮೊದಲೇ ದಾವಣಗೆರೆ ಸೀಮೆಯ ಜನರಿಗೆ ಈ ರುಚಿ ಹತ್ತಿಸಿದ್ದು ನಾಟಕ ಕಂಪನಿಗಳು. 1988ರಲ್ಲಿ ಪದ್ಮಶ್ರೀ ಪಡೆದ ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಯ ಹೆಸರಾಂತ ನಾಟಕ ‘ಪೊಲೀಸನ ಮಗಳು’. ಶೀರ್ಷಿಕೆಯನ್ನೇ ಗಮನಿಸಿ. ಪೊಲೀಸನಷ್ಟೇ ಬಂದರೆ ಅದು ಠಾಣೆಯ ಕಥೆ. ಮಗಳೂ ಬಂದಳೆಂದರೆ ಅದು ಮನೆಯ ಕಥೆ.

1985ರಲ್ಲಿ ರಮಾನಂದ ಸಾಗರ್ ಅವರ ‘ವಿಕ್ರಮ್ ಔರ್ ಬೇತಾಲ್’ ದೂರದರ್ಶನದಲ್ಲಿ ಬಂತು. ನಮ್ಮ ಓಣಿಯಲ್ಲಿದ್ದುದು ಒಂದೇ ಟಿ.ವಿ. ಹಿಂದಿ ಅರ್ಥವಾಗದಿದ್ದರೂ ನಾವೆಲ್ಲ ಅದರ ಮುಂದೆ ಚಾಪೆ ಹಿಡಿದು ಕೂರುತ್ತಿದ್ದೆವು. 1990ರ ದಶಕದ ಆರಂಭದಲ್ಲಿ ಕನ್ನಡದ್ದೇ ಆದ ‘ಗುಡ್ಡದ ಭೂತ’ ಬಂತು. ‘ಘಟಶ್ರಾದ್ಧ’ ಚಿತ್ರವನ್ನು ನಿರ್ಮಿಸಿದ್ದ ಸದಾನಂದ ಸುವರ್ಣ ಅದರ ನಿರ್ದೇಶಕರು. ಪ್ರಕಾಶ್ ರೈ ನಟಿಸಿದ್ದರು. ಅದರ ತುಳು ಶೀರ್ಷಿಕೆಗೀತೆಯನ್ನು ಅರ್ಥ ತಿಳಿಯದೆಯೇ ನಮ್ಮ ಶಾಲೆಯಲ್ಲೆಲ್ಲ ಹಾಡುತ್ತಿದ್ದೆವು. ನಮ್ಮ ಕಡೆ ಭೂತವೆಂದರೆ ದೆವ್ವ. ಕರಾವಳಿಯಲ್ಲಿ ಅದು ಕೋಲದಲ್ಲಿ ಮೈಮೇಲೆ ಬಂದು ವ್ಯಾಜ್ಯ ಬಗೆಹರಿಸುವ, ಜನ ಭಕ್ತಿಯಿಂದ ನಡೆದುಕೊಳ್ಳುವ ದೈವ ಎಂಬುದು ಎಷ್ಟೋ ವರ್ಷಗಳ ನಂತರ ನನಗೆ ತಿಳಿಯಿತು.

ನಿರ್ಮಾಪಕನಾಗಿ ಒಂದು ಗುಟ್ಟು ಹೇಳುತ್ತೇನೆ. ವಾರವಾರ ಬರುವ ಕಥೆಯಲ್ಲಿ ಭೂತ ದಿನೇ ದಿನೇ ಬಡವಾಗುತ್ತದೆ. ಮೊದಲ ವಾರ ಕಿಟಕಿಯ ಸದ್ದಿಗೇ ಬೆಚ್ಚಿದ ವೀಕ್ಷಕ ಐದನೆಯ ವಾರ ಅದೇ ಸದ್ದಿಗೆ ನಗುತ್ತಾನೆ. ಪಾತ್ರಗಳ ನಡುವಣ ಸಂಬಂಧವಾದರೋ ವಾರ ಕಳೆದಂತೆ ಬಲಿಯುತ್ತದೆ. ಚಿಕ್ಕ ಪರದೆಯಲ್ಲಿ ಬೆಟ್ಟ, ಕಾಡು ಕುಗ್ಗಿಹೋಗುತ್ತವೆ, ಮನುಷ್ಯನ ಮುಖ ಮಾತ್ರ ತುಂಬಿ ನಿಲ್ಲುತ್ತದೆ. ಭೂತವನ್ನು ತೋರಿಸುವುದಕ್ಕಿಂತ ಅದರ ಸದ್ದು ಕೇಳಿಸಿಕೊಳ್ಳುತ್ತಿರುವ ಇಬ್ಬರು ಗೆಳೆಯರ ಮುಖ ತೋರಿಸಿದರೆ ಭಯ ಹೆಚ್ಚು, ಖರ್ಚು ಕಡಿಮೆ.

ಅದೇ ದಶಕದಲ್ಲಿ ಕರ್ನಾಟಕದ ಹಲವು ಊರುಗಳ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂಬ ಬರಹ ಕಾಣಿಸಿಕೊಂಡಿತು. ರಾತ್ರಿ ಹೆಣ್ಣು ದೆವ್ವವೊಂದು ಮನೆಯವರದೇ ದನಿಯಲ್ಲಿ ಕೂಗುತ್ತದೆ, ಬಾಗಿಲು ತೆರೆದವರು ಸಾಯುತ್ತಾರೆ ಎಂಬುದು ವದಂತಿ. ಓದಿದ ದೆವ್ವ ಮರುದಿನ ಬರಲು ಹಿಂತಿರುಗುತ್ತದಂತೆ! ನಮ್ಮ ಬಾಗಿಲ ಮೇಲೆ ಸೀಮೆಸುಣ್ಣದಿಂದ ಬರೆದವನು ನಾನೇ. ಓಣಿಯ ಕೊನೆಯಲ್ಲಿ ಮಂಡಕ್ಕಿ ಮಾರುತ್ತಾ ಒಂಟಿಯಾಗಿದ್ದ ಅಜ್ಜಿಯೊಬ್ಬರಿದ್ದರು. ಆಕೆ ರಾತ್ರಿ ತನ್ನಷ್ಟಕ್ಕೆ ಮಾತಾಡುತ್ತಾಳೆಂದು ಯಾರೋ ಹೇಳಿದರು. ಅಷ್ಟೇ ಸಾಕಾಯಿತು. ಮಕ್ಕಳು ಆ ಕಡೆ ಹೋಗುವುದನ್ನು ಬಿಟ್ಟರು, ದೊಡ್ಡವರು ಮಂಡಕ್ಕಿ ಕೊಳ್ಳುವುದನ್ನು ಬಿಟ್ಟರು. ನಾನೂ ಬಿಟ್ಟೆ.

ಬಿಡದವನು ನನ್ನ ಗೆಳೆಯನೊಬ್ಬನೇ. ಒಂದು ಸಂಜೆ “ಹೋಗಿ ನೋಡಾಣ ಬಾರಲೇ” ಎಂದು ನನ್ನ ಕೈ ಹಿಡಿದು ಎಳೆದ. ಅಜ್ಜಿ ಗೋಡೆಯ ಮೇಲಿನ ಗಂಡನ ಫೋಟೋದೊಂದಿಗೆ ದಿನದ ವ್ಯಾಪಾರದ ಲೆಕ್ಕ ಮಾತಾಡುತ್ತಿದ್ದರು. ವಾರದಿಂದ ವ್ಯಾಪಾರವಿಲ್ಲವೆಂದು ಅವರಿಗೆ ಹೇಳುತ್ತಿದ್ದರು. ನಮ್ಮನ್ನು ಕಂಡು ಕಣ್ಣೊರೆಸಿಕೊಂಡು, “ಬರ್ರಪ್ಪಾ” ಎಂದು ಇಬ್ಬರ ಜೇಬಿಗೂ ಮಂಡಕ್ಕಿ ತುಂಬಿದರು. ಮರುದಿನ ನನ್ನ ಗೆಳೆಯ ಕಂಡಕಂಡವರಿಗೆ ಕಂಡದ್ದನ್ನು ಹೇಳಿದ. ಕೆಲವರು ನಾಚಿದರು. ನಾನು ಅವನ ಪಕ್ಕದಲ್ಲಿ ಸುಮ್ಮನೆ ನಿಂತಿದ್ದೆ. ಮುಂದೆ ದಾವಣಗೆರೆಗೆ ಹೋಗಿ ಬಿ.ಎಸ್ಸಿ. ಓದಿದೆ, ಪ್ರಯೋಗಶಾಲೆಯಲ್ಲಿ ಎಷ್ಟೋ ಪ್ರಯೋಗ ಮಾಡಿದೆ. ಆದರೆ ಹೋಗಿ ನೋಡಬೇಕು ಎಂಬ ವಿಜ್ಞಾನದ ಮೊದಲ ಪಾಠ ಕಲಿಸಿದವನು ಆ ಗೆಳೆಯ.

ಮಾಟ, ವಾಮಾಚಾರಗಳ ಹೆಸರಿನಲ್ಲಿ ನಡೆಯುವ ಕ್ರೌರ್ಯವನ್ನು ತಡೆಯಲು ಕರ್ನಾಟಕದಲ್ಲಿ 2017ರ ಕಾಯ್ದೆಯಿದೆ. ಅದು 2020ರಲ್ಲಿ ಜಾರಿಗೆ ಬಂದಿತು. ಕಾಯ್ದೆ ಅಗತ್ಯವೇ. ಆದರೆ ಓಣಿಯಲ್ಲಿ ಪಿಸುಮಾತು ಹುಟ್ಟಿದ ಗಳಿಗೆಯಲ್ಲಿ ಪೊಲೀಸರು ಅಲ್ಲಿರುವುದಿಲ್ಲ, ನೀವಿರುತ್ತೀರಿ. ಈಗ ಆ ಪಿಸುಮಾತು ಮೊಬೈಲಿನಲ್ಲಿ ಕ್ಷಣಾರ್ಧದಲ್ಲಿ ಊರು ದಾಟುತ್ತದೆ.

ಮುಂದಿನ ಬಾರಿ ಇಂಥ ಧಾರಾವಾಹಿ ನೋಡುವಾಗ ಭೂತ ಯಾವಾಗ ಬರುತ್ತದೆಂದು ಕಾಯುವುದರ ಜೊತೆಗೆ, ಅದರ ಹೆಸರಿನಲ್ಲಿ ಯಾರ ಮೇಲೆ ಅಪವಾದ ಬರುತ್ತಿದೆ, ಅವರ ಮನೆಯ ಬಾಗಿಲು ತಟ್ಟುವ ಗೆಳೆಯ ಯಾರು ಎಂಬುದನ್ನೂ ಗಮನಿಸಿ. ಸಾಧ್ಯವಾದರೆ ನಿಮ್ಮ ಓಣಿಯಲ್ಲಿ ಆ ಗೆಳೆಯ ನೀವೇ ಆಗಿರಿ.